ಅಕ್ಕಸಾಲಿಗನ ಚಿತ್ರದಲ್ಲಿ ನೀನು

ಪ್ರೀತಿಯ ತಂಗಿ ಅಲೈಡಾಗೆ,

ಬ್ರೂಗ್ಗೆಯಿಂದ ನಿನ್ನ ಅಕ್ಕ ಗೋದಲೀವ್ ಬರೆಯುತ್ತಿರುವುದು. ಅಕ್ಕಸಾಲಿಗರ ಹಬ್ಬಕ್ಕೆ ಗೆಂಟ್‌ನಿಂದ ಬರಲೇ, ನನ್ನ ಮೇಲೆ ಇನ್ನೂ ಸಿಟ್ಟಿದೆಯಾ ಎಂದು ಕೇಳಿ ಕಳಿಸಿದ್ದೀಯ. ಇರುವುದು ಹೊಟ್ಟೆಕಿಚ್ಚು, ಅಲೈಡಾ. ಸಿಟ್ಟು ಎಂದು ಹೇಳಿಕೊಂಡರೆ ಸ್ವಲ್ಪ ಮರ್ಯಾದೆ ಉಳಿಯುತ್ತದೆ, ಅಷ್ಟೆ.

ಅಕ್ಕಸಾಲಿಗರ ಸಂಘದವರು ತಮ್ಮ ಪ್ರಾರ್ಥನಾಮಂದಿರಕ್ಕೆ ಚಿತ್ರ ಬರೆಸಲು ನಿನ್ನ ಭಾವನ ಅಂಗಡಿಯನ್ನೇ ಆರಿಸಿದಾಗ ಕೇರಿಯೆಲ್ಲ ಹೇಳಿಕೊಂಡು ಬಂದವಳು ನಾನು. ತಕ್ಕಡಿಯಲ್ಲಿ ಉಂಗುರ ತೂಗುತ್ತಿರುವ ಅಕ್ಕಸಾಲಿಗನಾಗಿ ನಿನ್ನ ಭಾವ, ಪಕ್ಕದಲ್ಲಿ ಅದನ್ನು ಕೊಳ್ಳಲು ಬಂದ ಮದುವಣಗಿತ್ತಿ. ಆ ಮದುವಣಗಿತ್ತಿ ನಾನೇ ಅಂದುಕೊಂಡಿದ್ದೆ. ಚಿತ್ರಗಾರ ರೊಂಬೌಟ್ ನನ್ನ ತುಂಬು ಬಸುರನ್ನು ನೋಡಿ, "ನಿಮಗೊಬ್ಬಳು ತಂಗಿ ಇದ್ದಾಳಲ್ಲಮ್ಮ?" ಅಂದ.

ನಿನಗೆ ಆ ಹಳದಿ ಜರತಾರಿ ನಿಲುವಂಗಿ ತೊಡಿಸಿದವಳೂ ನಾನೇ. ಬೇಕೆಂದೇ ಸೂಜಿ ಚುಚ್ಚಿದೆನೆಂದು ಅಮ್ಮನ ಹತ್ತಿರ ದೂರಿದ್ದೆಯಲ್ಲ, ಅದು ಸುಳ್ಳು. ಆದರೆ ಚಿತ್ರ ಗೋಡೆಗೇರಿದ ದಿನ, ಬೇಕೆಂದೇ ಚುಚ್ಚಬೇಕಿತ್ತು ಅನ್ನಿಸಿತು.

ಏಕೆಂದರೆ ಅಲ್ಲಿ ನಿನ್ನ ಭಾವನ ಕಣ್ಣು ತಕ್ಕಡಿಯ ಮೇಲಿರಲಿಲ್ಲ. ತಲೆ ಎತ್ತಿ ನಿನ್ನ ಕಡೆ ನೋಡುತ್ತಿದ್ದರು. ಕೆಲಸಕ್ಕೆ ಕೂತರೆ ನಾನು ತಂದಿಟ್ಟ ಬಟಾಣಿ ಸಾರು ಆರಿ ಕೆನೆಗಟ್ಟಿದರೂ ತಲೆ ಎತ್ತದ ಮನುಷ್ಯ! ಆ ನೋಟವೋ, ಎಷ್ಟು ಮೆದು. ಪಕ್ಕದಲ್ಲಿದ್ದ ಹೆಂಗಸೊಬ್ಬಳು, "ಗಂಡಹೆಂಡ್ತಿ ಅಂದ್ರೆ ಹೀಗಿರ್ಬೇಕು ನೋಡಿ" ಅಂದಳು.

ಮನೆಗೆ ಬಂದು ಕೇಳಿದೆ. "ತಲೆ ಎತ್ತು ಅಂದ, ಎತ್ತಿದೆ ಮಾರಾಯ್ತಿ. ಕತ್ತು ನೋಯ್ತಿತ್ತು" ಅಂದರು. ನಾನು ನಂಬಲಿಲ್ಲ. ಮದುವೆಯಾಗಿ ನೀನು ಹೊರಟಾಗ ದೋಣಿಕಟ್ಟೆಗೂ ಬರಲಿಲ್ಲ.

ಕಳೆದ ವಾರ ರೊಂಬೌಟ್ ಮಗಳ ಉಂಗುರಕ್ಕೆಂದು ಅಂಗಡಿಗೆ ಬಂದಿದ್ದ. ತಡೆಯಲಾರದೆ ಕೇಳಿಯೇಬಿಟ್ಟೆ: "ನಮ್ಮವರು ನನ್ನ ತಂಗೀನ ಅಷ್ಟು ಹೊತ್ತು ನೋಡ್ತಾ ಇದ್ರಾ?"

ಮುದುಕ ನಕ್ಕ. "ಅವರ ಮುಖ ಬರೆದ ದಿನ ನಿಮ್ಮ ತಂಗಿಗೆ ಜ್ವರ, ಬಂದೇ ಇರ್ಲಿಲ್ಲ. ನೀವು ಸೊಂಟ ಹಿಡ್ಕೊಂಡು ಮಹಡಿ ಮೆಟ್ಟಿಲು ಇಳೀತಾ ಇದ್ರಿ. ಅವರು ಕಣ್ಣು ಕೀಳಲಿಲ್ಲ. ನನಗೂ ಅಂಥದ್ದೇ ನೋಟ ಬೇಕಿತ್ತು, ಬರ್ಕೊಂಡೆ."

ಅವನು ಹೋದ ಮೇಲೆ ಚಿತ್ರದ ಮುಂದೆ ಹೋಗಿ ನಿಂತೆ. ಸಮಾಧಾನವಾಗಬೇಕಿತ್ತು, ಹೊಟ್ಟೆಕಿಚ್ಚು ಇಮ್ಮಡಿಯಾಯಿತು. ಆ ನೋಟ ನನ್ನದು, ಅಲೈಡಾ. ಊದಿದ ಕಾಲಿನ, ಕಲೆಯಾದ ಅಂಗಿಯ ನನ್ನದು. ನಾವೆಲ್ಲ ಮಣ್ಣಾದ ಮೇಲೂ ನೋಡಿದವರು ಅದು ನಿನ್ನದೆಂದೇ ಅಂದುಕೊಳ್ಳುತ್ತಾರೆ. ನಾನು ಎಲ್ಲಿದ್ದೆನೆಂದು ಯಾರೂ ಕೇಳುವುದಿಲ್ಲ.

ಅಂಗಡಿಗೆ ವಾಪಸು ಬಂದು, "ಅವತ್ತು ಮೆಟ್ಟಿಲ ಮೇಲೆ ನನ್ನ ಯಾಕೆ ಹಾಗೆ ನೋಡಿದ್ರಿ?" ಅಂದೆ. ಉಂಗುರ ಉಜ್ಜುತ್ತಲೇ, "ಬಿದ್ದುಬಿಡ್ತೀಯೇನೋ ಅಂತ ಹೆದರಿಕೆ ಆಯ್ತು" ಅಂದರು.

ಹಬ್ಬಕ್ಕೆ ಬಾ. ಮಗು ಗೋಡೆ ಹಿಡಿದು ನಡೆಯುತ್ತದೆ, ಚಿಕ್ಕಮ್ಮನನ್ನು ನೋಡಿಯೇ ಇಲ್ಲ. ಚಿತ್ರದ ಮುಂದೆ ಮಾತ್ರ ನನ್ನ ಜೊತೆ ನಿಲ್ಲಬೇಡ, ಅಷ್ಟು ದೊಡ್ಡ ಮನಸ್ಸು ನನಗಿನ್ನೂ ಬಂದಿಲ್ಲ.

ದೇವರು ಬೇಗ ನಿನ್ನ ಮಡಿಲು ತುಂಬಲಿ. ನಿನಗಾಗಿ ಹೆದರುವ ಗಂಡನೇ ನಿನಗೂ ಸಿಕ್ಕಿರಲಿ.

ನಿನ್ನ ಹೊಟ್ಟೆಕಿಚ್ಚಿನ ಅಕ್ಕ,
ಗೋದಲೀವ್