ಸಂದಿಲ್ಲದ ಹಲ್ಲು

ದೇವಾಪುರ, ಸುರಪುರ ತಾಲೂಕು
ತಾ. ೧೨-೨-೧೯೫೬

ಮೋನಮ್ಮನ ಅಪ್ಪನವರಿಗೆ,

ಪಾರ್ವತೆಮ್ಮ ಮಾಡುವ ನಮಸ್ಕಾರ. ನಿಮ್ಮ ಮೈ ಹೇಗಿದೆ? ಗಿರಣಿಯ ಧೂಳಿಗೆ ಕೆಮ್ಮು ಹಿಡಿದಿದೆಯೆಂದು ಸೊಲ್ಲಾಪುರದಿಂದ ಬಂದ ರಂಗಣ್ಣ ಹೇಳಿದ. ಬಿಸಿನೀರು ಕುಡಿಯಿರಿ, ಹಟ ಮಾಡಬೇಡಿ. ಅತ್ತೆ ಆರಾಮಿದ್ದಾರೆ. ಈ ಅಕ್ಷರ ಯಾರವೆಂದು ಬೆರಗಾಗಬೇಡಿ, ನನ್ನವೇ. ಮಗಳ ಪಾಟಿಯ ಮೇಲೆ ಅವಳ ಜೊತೆಗೇ ತಿದ್ದಿ ಕಲಿತೆ. ಈ ಮಾತನ್ನು ಬೇರೆಯವರ ಕೈಯಿಂದ ಬರೆಸಲು ಮನಸ್ಸಾಗಲಿಲ್ಲ.

ಮನೆ ಬಿಟ್ಟು ಸೊಲ್ಲಾಪುರಕ್ಕೆ ಹೋಗುವಾಗ ಹೊಸ್ತಿಲಲ್ಲಿ ನಿಂತು, "ಹಾಲಹಲ್ಲ ಬೀಳ್ಲಿ, ಖರೇ ಹಲ್ಲ ಬರ್ಲಿ. ನಮ್ಮ ಮನಿ ಸಂದು ಕಂಡ್ರ ಬರ್ತೀನಿ" ಅಂದಿದ್ದಿರಿ. ಮೋನಮ್ಮನಿಗೆ ಖರೇ ಹಲ್ಲು ಬಂದಿವೆ. ಮುಂದಿನ ಎರಡರ ನಡುವೆ ಸಂದಿಲ್ಲ. ಸುಳ್ಳು ಬರೆಯಬಹುದಿತ್ತು, ಕೈ ಬರಲಿಲ್ಲ.

ರಜಾಕಾರರ ಗದ್ದಲದಲ್ಲಿ ನೀವು ಹೊಳೆ ದಾಟಿ ಹೋರಾಟದ ಕ್ಯಾಂಪಿಗೆ ಹೋದಾಗ ನಾನು ಬಸುರಿಯೆಂದು ನನಗೇ ಗೊತ್ತಿರಲಿಲ್ಲ. ನೆರೆಮನೆಯ ಮದೀನಾಬೀ ತನ್ನ ಒಳಕೋಣೆಯಲ್ಲಿ ಮಗಳಂತೆ ಇಟ್ಟುಕೊಂಡಳು. ನನ್ನನ್ನು ಯಾರೂ ಮುಟ್ಟಲಿಲ್ಲ. ನೀವು ಮರಳಿ ಬಂದಾಗ ತೊಟ್ಟಿಲಲ್ಲಿ ಕೂಸಿತ್ತು. ಮುಂದೆ ಅದಕ್ಕೆ ಹಾಲಹಲ್ಲು ಬಂದಾಗ ಸಂದು ಕಾಣಲಿಲ್ಲವೆಂದು ನಿಮ್ಮ ಮನಸ್ಸು ಒಡೆಯಿತು. ನನ್ನ ಮಾತಿಗಿಂತ ಕೂಸಿನ ಹಲ್ಲು ನಿಮಗೆ ಹೆಚ್ಚಾಯಿತಲ್ಲ, ಅದಕ್ಕೆ ಇಂದಿಗೂ ಎದೆ ಉರಿಯುತ್ತದೆ.

ಆದರೂ ಆಸೆಯಿಟ್ಟಿದ್ದೆ. ಬಿದ್ದ ಹಾಲಹಲ್ಲನ್ನು ಅತ್ತೆ ಸೆಗಣಿಯುಂಡೆಯಲ್ಲಿಟ್ಟು ಮಾಳಿಗೆಯ ಮೇಲೆ ಒಗೆದು, "ಮೌನೇಶಪ್ಪಾ, ನಮ್ಮ ಮನಿ ಹಲ್ಲ ಕೊಡು" ಎಂದು ಕೈಮುಗಿದರು. ದಿನಾ ಮುಖ ತೊಳೆಸುವ ನೆಪದಲ್ಲಿ ತುಟಿ ಎತ್ತಿ ನೋಡುವರು. ಹೊಸ ಹಲ್ಲು ಮೂಡಿದಾಗ ನಡುವೆ ಒಂಚೂರು ಜಾಗವಿತ್ತು! ಖುಷಿಗೆ ನನಗೆ ಅನ್ನ ಸೇರಲಿಲ್ಲ. ಬೆಳೆಯುತ್ತ ಬೆಳೆಯುತ್ತ ಅದೂ ಮುಚ್ಚಿಹೋಯಿತು. ಅತ್ತೆ ಅವಳನ್ನು ತೊಡೆಯ ಮೇಲೆ ಹಾಕಿಕೊಂಡು, "ಹಲ್ಲ ಹ್ಯಾಂಗರ ಇರ್ಲಿ, ನೀ ನಮ್ಮ ಕೂಸ" ಎಂದು ಅತ್ತರು. ನಿಮ್ಮ ತಾಯಿಗೆ ತಿಳಿದದ್ದು ನಿಮಗೇಕೆ ತಿಳಿಯುವುದಿಲ್ಲ?

ಮಾವನವರಿಗೆ ಸಂದು ಇತ್ತು, ನಿಮಗಿದೆ, ನಿಮ್ಮ ಅಕ್ಕನಿಗಿದೆ, ಒಪ್ಪಿದೆ. ನಿಮ್ಮ ತಮ್ಮ ಗುರಣ್ಣನಿಗೆ ಎಲ್ಲಿದೆ? ಅವನು ಯಾರ ಮಗನೆಂದು ಯಾರಾದರೂ ಕೇಳಿದರೇ? ಶಾಲೆಯ ಮಾಸ್ತರರು, "ಒಬ್ರಿಗೆ ಬರ್ತದ, ಒಬ್ರಿಗೆ ಬರಂಗಿಲ್ಲವ್ವ. ತಾಯಿ ಕಡೀದೂ ಬರ್ತದ" ಅಂದರು. ಹಣೆ ನಿಮ್ಮದು, ನಡಿಗೆ ನಿಮ್ಮದು, ಸಿಟ್ಟಂತೂ ಪೂರಾ ನಿಮ್ಮದೇ. ಹೆತ್ತ ನನ್ನದು ಹಲ್ಲಿನಷ್ಟಾದರೂ ಅವಳಿಗೆ ಬರಬಾರದೇ?

ಅತ್ತೆ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಮದೀನಾಬೀ ಸಲಾಮು ಹೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣಿರಿ.

ಎಂದೂ ನಿಮ್ಮವಳೇ ಆದ,
ಪಾರ್ವತೆಮ್ಮ

ತಾ. ಕ.: ಕಾಗದ ಒಯ್ಯಲು ರಂಗಣ್ಣ ಬಾಗಿಲಲ್ಲೇ ನಿಂತಿದ್ದಾನೆ, ಯಾದಗಿರಿಯ ರೈಲು ತಪ್ಪುತ್ತದೆಂದು ಅವಸರ ಮಾಡುತ್ತಿದ್ದಾನೆ. ಬರೆಯಬಾರದೆಂದಿದ್ದೆ, ತಡೆಯಲಾಗಲಿಲ್ಲ. ನಿನ್ನೆ ಮೋನಮ್ಮ ಹಿತ್ತಲಲ್ಲಿ ಕುಳಿತು ಕಸಬರಿಗೆಯ ಕಡ್ಡಿ ಸೀಳಿ ಮುಂದಿನ ಹಲ್ಲುಗಳ ನಡುವೆ ತುರುಕುತ್ತಿದ್ದಳು. ವಸಡು ಹರಿದು ಗಲ್ಲದ ತುಂಬ ರಕ್ತ. ಕೇಳಿದರೆ, "ಸಂದು ಮಾಡಾಕತ್ತೇನಿ ಯವ್ವ, ಅಪ್ಪ ಬರ್ತಾನ" ಅಂದಳು. ಮಗಳನ್ನು ನೋಡಲು ಬರುವುದಾದರೆ ಇಂದೇ ಹೊರಡಿ. ಸಂತೆಯಲ್ಲಿ ಎತ್ತಿನ ಹಲ್ಲು ನೋಡಿದಂತೆ ನೋಡುವುದಾದರೆ ಬರಬೇಡಿ. ನೀವು ಕೇಳುವ ಮೊದಲೇ ಅವಳು ಬಾಯಿ ತೆರೆದು ತೋರಿಸುತ್ತಾಳೆ, ನನಗೆ ಅದನ್ನು ನೋಡಲಾಗದು.