ಎಷ್ಟು ಓಡಿದೆಯೋ ಗೊತ್ತಿಲ್ಲದ ಕಾರು

ಡುಲೂತ್, ಮಿನ್ನೆಸೋಟ
9 ಜೂನ್ 1993

ನನ್ನ ಮುದ್ದಿನ ಅಪ್ಪಾ,

ಹೇಗಿದ್ದೀಯ? ಎಡ ಭುಜದ ನೋವು ಕಡಿಮೆಯಾಯಿತೇ? ಚುಕ್ಕಾಣಿ ಹಿಡಿದು ನಿಂತಾಗ ಒಳಗೆ ಉಣ್ಣೆಯ ಅಂಗಿ ಹಾಕಿಕೊಳ್ಳುತ್ತಿದ್ದೀಯ ತಾನೇ? ಡೆಟ್ರಾಯಿಟ್‌ನಲ್ಲಿ ಅಂಚೆ ದೋಣಿ ನಿಮ್ಮ ಹಡಗಿನ ಪಕ್ಕಕ್ಕೆ ಬಂದಾಗ ಈ ಕಾಗದ ನಿನ್ನ ಕೈ ಸೇರಲಿ ಎಂದು ಲೆಕ್ಕ ಹಾಕಿ ಬರೆಯುತ್ತಿದ್ದೇನೆ. ಅಮ್ಮ ಆರಾಮಾಗಿದ್ದಾಳೆ. ನಾನಂತೂ ಎಷ್ಟು ಸುಖವಾಗಿದ್ದೇನೆಂದರೆ ನಿನ್ನೆ ಅಂಗಡಿಯಲ್ಲಿ ಮೊಟ್ಟೆ ಮಾರುವವಳಿಗೂ ನನಗೆ ಮದುವೆಯಾಗಿದೆ ಎಂದು ಹೇಳಿಬಂದೆ. ಅವಳು ಕೇಳಿರಲಿಲ್ಲ. ಎಲ್ಡನ್ ಬೆಳಿಗ್ಗೆ ಕಾಫಿ ಮಾಡಿ ನನ್ನ ದಿಂಬಿನ ಪಕ್ಕ ಇಡುತ್ತಾನೆ. ಸ್ವಲ್ಪ ನೀರುಕಾಫಿ, ಆದರೂ ಅಮೃತ.

ಅಪ್ಪಾ, ನಾವು ಒಂದು ಕಾರು ಕೊಂಡೆವು. 1963ರ ರ‍್ಯಾಂಬ್ಲರ್, ತಿಳಿ ಹಸಿರು, ಹಿಂದಿನ ಸೀಟು ಸೋಫಾದಷ್ಟು ಅಗಲ. ಅಮ್ಮ ಅದರಲ್ಲಿ ಕುಳಿತು, "ನಿಮ್ಮಪ್ಪ ನನ್ನನ್ನ ನೋಡೋಕೆ ಬರ್ತಿದ್ದ ಡಬ್ಬಾಗಿಂತ ಇದೇ ವಾಸಿ" ಎಂದಳು. ಬೈಯಬೇಡ, ಪೂರ್ತಿ ಓದು.

ಕಾರು ಹಿಲ್ಮಾ ಎಂಬ ಫಿನ್ನಿಷ್ ಅಜ್ಜಿಯದು. ಊರಾಚೆ ಒಬ್ಬಳೇ ಇದ್ದಾಳೆ, ಗಂಡ ತೀರಿಕೊಂಡು ಎರಡು ವರ್ಷ. ಹಬೆಸ್ನಾನದ ಸೌನಾ ಮನೆಯ ಪಕ್ಕದ ಕೊಟ್ಟಿಗೆಯಲ್ಲಿ ಹೊದಿಕೆ ಹೊದಿಸಿ ನಿಲ್ಲಿಸಿದ್ದಳು. ಅವರಲ್ಲಿ ಕಾಫಿ ಕುಡಿಯದೆ ವ್ಯಾಪಾರದ ಮಾತು ಎತ್ತುವ ಹಾಗಿಲ್ಲ ಎಂದು ನಿನಗೆ ಗೊತ್ತಲ್ಲ. ಏಲಕ್ಕಿ ಬ್ರೆಡ್ಡು ಮೂರನೇ ಸಲ ತಟ್ಟೆಗೆ ಬಿದ್ದ ಮೇಲೆ ಎಲ್ಡನ್ ಕಾರಿನ ಬಾಗಿಲು ತೆರೆದ. ಮೂವತ್ತು ವರ್ಷದ ಕಾರು, ಮೀಟರಿನಲ್ಲಿ ಬರೀ ಮೂವತ್ತೊಂದು ಸಾವಿರ ಮೈಲಿ. ನಾನು ಅವನ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಅಷ್ಟರಲ್ಲಿ ಅಜ್ಜಿ, "ಅದನ್ನ ನಂಬಬೇಡಪ್ಪಾ," ಎಂದಳು. "ಒಂದು ಚಳೀಲಿ ಮೀಟರ್ ಕೆಟ್ಟೋಯ್ತು. ನಮ್ಮನೆಯವರು ಗುಜರಿಯಿಂದ ಬೇರೆ ತಂದು ಹಾಕಿದ್ರು. ಅದು ಇನ್ಯಾರದೋ ಕಾರಿನ ಲೆಕ್ಕ." ಒಡೆತನದ ಪತ್ರ ತಂದು, ಇದು ನಿಜವಾದ ಮೈಲಿ ಅಲ್ಲ ಎಂದು ತಾನೇ ಬರೆಯಹೊರಟಳು. ಇಷ್ಟು ಹಳೆಯ ಕಾರಿಗೆ ಮೈಲಿ ಬರೆಯಲೇಬೇಕೆಂಬ ಕಾನೂನಿಲ್ಲ, ಖಾಲಿ ಬಿಡಿ ಎಂದೆ. "ಖಾಲಿ ಬಿಟ್ಟು ಈ ಸಂಖ್ಯೆ ತೋರಿಸಿದ್ರೆ ಸುಳ್ಳು ಹೇಳಿದ ಹಾಗೇ ಅಲ್ವೇನಮ್ಮಾ," ಎಂದು ಬರೆದೇಬಿಟ್ಟಳು.

ನನಗೆ ನಿನ್ನ ಮಾತೇ ಕಿವಿಯಲ್ಲಿ. ಎಷ್ಟು ಓಡಿದೆ ಅಂತ ಹೇಳೋಕಾಗದ ಗಾಡಿ ಹತ್ರ ಹೋಗಬೇಡ ಮಗಳೇ. ಸರೋವರ ಹೆಪ್ಪುಗಟ್ಟಿ ಹಡಗು ನಿಲ್ಲುವ ಚಳಿಗಾಲದಲ್ಲೆಲ್ಲ ನಮ್ಮ ಗ್ಯಾರೇಜಿನಲ್ಲಿ ಪಾನಾ ಎತ್ತಿಕೊಡುತ್ತಾ ಅದನ್ನೇ ಕೇಳಿ ಬೆಳೆದವಳು ನಾನು. ಹೊರಡೋಣ ಎಂದು ಎಲ್ಡನ್‌ನನ್ನು ಚಿವುಟಿದೆ. ಅವನು ಅಲ್ಲಾಡಲಿಲ್ಲ. "ಅಜ್ಜಿ, ಇದು ಎಲ್ಲೆಲ್ಲಿಗೆ ಹೋಗಿತ್ತು?" ಎಂದು ಕೇಳಿದ. ಅವಳು ಹೇಳುತ್ತಾ ಹೋದಳು. ಗಂಡನ ಗಣಿ ಕೆಲಸಕ್ಕೆ, ಮಗಳ ಹೆರಿಗೆಗೆ ಹಿಮಗಾಳಿಯಲ್ಲಿ, ಕೊನೆಗೆ ಗಂಡನನ್ನು ಆಸ್ಪತ್ರೆಗೆ. ಎಲ್ಡನ್ ಪೂರ್ತಿ ಕೇಳಿ, ಆಮೇಲೆ ಕಾರಿನಡಿ ಮಲಗಿ ಒಂದೊಂದೇ ಕಡೆ ತಟ್ಟಿ ನೋಡಿ, ಎದ್ದು ಬಂದು ನಗುತ್ತಾ, "ತಗೊಳ್ಳೋಣ. ಎಷ್ಟು ಓಡಿದಾನೋ ಯಾರಿಗೆ ಗೊತ್ತು ಅಂತ ನನ್ನ ಬಗ್ಗೇನೂ ಮಾವ ಅಂದಿದ್ರಲ್ಲ," ಎಂದ.

ಅಪ್ಪಾ, ಅವನು ಅದನ್ನು ಕೇಳಿಸಿಕೊಂಡಿದ್ದನೆಂದು ನನಗೆ ಗೊತ್ತೇ ಇರಲಿಲ್ಲ. ಹೆತ್ತವರು ಯಾರೆಂದು ತಿಳಿಯದ, ಪಶ್ಚಿಮದಿಂದ ಬಂದ ಹುಡುಗನ ಬಗ್ಗೆ ಆ ದಿನ ಅಡುಗೆಮನೆಯಲ್ಲಿ ನೀನು ಹಾಗಂದಾಗ ಅವನು ಹಿಂಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದನಂತೆ. ಇಷ್ಟು ತಿಂಗಳು ಬಾಯಿ ಬಿಡಲಿಲ್ಲ. ದಾರಿಯಲ್ಲಿ ನಾನು ಅತ್ತುಬಿಟ್ಟೆ. ಅವನು, "ಮಾವ ಹೇಳಿದ್ದು ಸುಳ್ಳಲ್ವಲ್ಲ. ಕೇಳಿದ್ರೆ ಹೇಳ್ತಿದ್ದೆ. ಅವರು ಕೇಳ್ಲಿಲ್ಲ," ಎಂದ. ಕುಣಿಯುವ ಸಂಭ್ರಮದಲ್ಲಿ ನಾನೂ ಕೇಳಿರಲಿಲ್ಲ. ಮೊನ್ನೆ ಕೇಳಿದೆ. ಕಾರಿನಲ್ಲೇ ಕುಳಿತು ಎಲ್ಲ ಹೇಳಿದ, ಸಾಕಿದ ಮನೆಗಳು, ಬಿಟ್ಟು ಬಂದ ಊರುಗಳು. ಅದನ್ನು ನಾನು ಬರೆಯುವುದಿಲ್ಲ. ಅವನ ಬಾಯಿಂದಲೇ ನೀನು ಕೇಳಬೇಕು.

ಮದುವೆಗೆ ನಿನಗೆ ರಜೆ ಸಿಗಲಿಲ್ಲ. ಸಿಗಲಿಲ್ಲ ಎಂದೇ ಎಲ್ಲರಿಗೂ ಹೇಳಿದ್ದೇವೆ. ಆಮೇಲೆ ಎರಡು ಸಲ ಹಡಗು ಊರಿಗೆ ಬಂತು, ಅದಿರು ತುಂಬಿಕೊಂಡು ಹೋಯಿತು, ನೀನು ಕೆಲಸವಿದೆ ಎಂದು ಇಳಿಯಲಿಲ್ಲ. ನಾನು ಜಗಳ ಆಡುತ್ತಿಲ್ಲ ಅಪ್ಪಾ. ನೀನಿಲ್ಲದೆ ನನ್ನ ಸಂತೋಷ ಒಂದು ಚಕ್ರ ಕಡಿಮೆ ಇಟ್ಟುಕೊಂಡು ಓಡುತ್ತಿದೆ, ಅಷ್ಟೇ.

ಅಮ್ಮ ನಿನ್ನ ಕಾಲುಚೀಲ ಹೆಣೆದಿಟ್ಟಿದ್ದಾಳೆ. ಭುಜ ಜೋಪಾನ. ನಿನ್ನ ಕೆನ್ನೆಗೆ ನೂರು ಮುತ್ತು.

ನಿನ್ನ ಮಗಳು,
ಸಿಗ್ನೆ

ಮರೆತಿದ್ದೆ: ಭಾನುವಾರ ನೀವು ಸೇತುವೆ ಕೆಳಗೆ ಬರುವಾಗ ನಾವು ಕಾಲುವೆ ದಂಡೆಯಲ್ಲಿ ರ‍್ಯಾಂಬ್ಲರ್ ನಿಲ್ಲಿಸಿರುತ್ತೇವೆ. ಎಲ್ಡನ್ ಹಡಗಿನವರು ನಮಸ್ಕಾರ ಹೇಳುವ ಹಾಗೆ ಮೂರು ಉದ್ದ, ಎರಡು ಗಿಡ್ಡ ಹಾರನ್ ಹೊಡೆಯುತ್ತಾನೆ, ಬೀದಿಯವರೆಲ್ಲ ಬೈಯುವಷ್ಟು ಅಭ್ಯಾಸ ಮಾಡಿದ್ದಾನೆ. ನೀನು ಕ್ಯಾಪ್ಟನ್ ಪಕ್ಕದಲ್ಲೇ ನಿಂತಿರುತ್ತೀಯ, ಉತ್ತರ ಕೊಡಿಸು. ಒಂದೇ ತೊಂದರೆ, ಐದನೆಯದು ಹೊಡೆದ ಮೇಲೆ ಹಾರನ್ ಸಿಕ್ಕಿಕೊಂಡು ನಿಲ್ಲುವುದೇ ಇಲ್ಲ. ಅದನ್ನು ಸರಿಮಾಡಲು ತನಗೆ ಬರುವುದಿಲ್ಲ, ಮಾವನೇ ಇಳಿದು ಬಂದು ನೋಡಬೇಕು ಎನ್ನುತ್ತಾನೆ. ಕಳೆದ ವಾರ ಅದೇ ಕಾರಿನ ಇಂಜಿನ್ನನ್ನು ಒಬ್ಬನೇ ಬಿಚ್ಚಿ ಜೋಡಿಸಿದವನು.