ಬಂದೋಬಸ್ತಿನಲ್ಲಿ ನೀರು ಕುಡಿದ ನೀಲಗಂಗಮ್ಮನವರಿಗೆ

ನಿಮ್ಮದೇ ಠಾಣೆಯಿಂದ, ಫೆಬ್ರವರಿ ೩೦, ೨೨೧೭

ಪೂಜ್ಯ ನೀಲಗಂಗಮ್ಮ ಅಜ್ಜಿಯವರಿಗೆ ಠಾಣಾಧಿಕಾರಿ ಬಸವಂತನ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ, ಈ ಕಾಗದ ನಿಮಗಿಂತ ಸುಮಾರು ಇನ್ನೂರು ವರ್ಷ ಮುಂದಿನಿಂದ ಬರುತ್ತಿದೆ. ಫೆಬ್ರವರಿಗೆ ನಾವು ಮೂವತ್ತು ದಿನ ಕೊಟ್ಟು ಬಹಳ ಕಾಲವಾಯಿತು. ಇನ್ನೂ ಮೂವತ್ತು ದಾಟದ ಕಾನ್‌ಸ್ಟೆಬಲ್ ಒಬ್ಬರನ್ನು ಅಜ್ಜಿ ಎನ್ನುವುದಕ್ಕೂ ಕ್ಷಮೆಯಿರಲಿ. ಇಲ್ಲಿ ಎಲ್ಲರೂ ನಿಮ್ಮನ್ನು ಕರೆಯುವುದೇ ಹಾಗೆ. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮಲ್ಲಿ ನೀರೊಪ್ಪಿಗೆ ಎಂಬ ಪದ್ಧತಿಯಿದೆ. ಯಾವುದೇ ಬಂದೋಬಸ್ತಿಗೆ ಮೊದಲು ಅಧಿಕಾರಿ ಎಲ್ಲರ ಎದುರು ನಿಂತು ಚೊಂಬು ತುಂಬ ನೀರು ಕುಡಿಯಬೇಕು. ಆಮೇಲೆ ಹೆಣ್ಣು ಗಂಡೆನ್ನದೆ ಸಿಬ್ಬಂದಿಯೆಲ್ಲ ಕುಡಿಯುತ್ತಾರೆ. ಹತ್ತಿರದಲ್ಲಿ ಶೌಚಾಲಯವಿಲ್ಲ ಎಂದರೆ ಯಾರೂ ಕುಡಿಯುವುದಿಲ್ಲ, ಕುಡಿಯದೆ ಯಾರೂ ತಮ್ಮ ಜಾಗಕ್ಕೆ ಹೋಗುವುದಿಲ್ಲ. ಮಂತ್ರಿಗಳ ಗಾಡಿಯೂ ಕಾಯುತ್ತದೆ. ಕಳೆದ ವಾರ ಮುಖ್ಯಮಂತ್ರಿಗಳೇ ರಸ್ತೆಬದಿಯಲ್ಲಿ ಶೇಂಗಾ ತಿನ್ನುತ್ತ ಕಾದು ಕೂತರು. ಒಂದು ಕಾಲಕ್ಕೆ ‘ಮಹಿಳಾ ಪೊಲೀಸ್’ ಎಂದು ಬೇರೆಯೇ ಕರೆಯುತ್ತಿದ್ದರಂತೆ, ಅವರ ಕೈಗೆ ಲಾಠಿಗಿಂತ ಹೆಚ್ಚಾಗಿ ಗಣ್ಯರ ಹೂಗುಚ್ಛ ಕೊಡುತ್ತಿದ್ದರಂತೆ ಎಂದರೆ ಹೊಸದಾಗಿ ಸೇರಿದವರು ನಗುತ್ತಾರೆ. ಆದರೆ ನೀವೆಲ್ಲ ಹೋಗಲು ಜಾಗವಿಲ್ಲವೆಂದು ಬೆಳಗಿನಿಂದ ಸಂಜೆಯವರೆಗೆ ಒಂದು ಗುಟುಕು ನೀರೂ ಕುಡಿಯದೆ ಬಿಸಿಲಲ್ಲಿ ನಿಲ್ಲುತ್ತಿದ್ದಿರಿ ಎಂದಾಗ ಆ ನಗು ನಿಲ್ಲುತ್ತದೆ. ಅಷ್ಟು ವರ್ಷ ಹಾಗೆ ಹೇಗೆ ನಿಂತಿರಿ?

ನಿಮ್ಮ ಕಾಲದಲ್ಲಿ ಇವತ್ತು ನೀವು ನೀರು ಕುಡಿದಿರಿ. ತಡೆಯಲಾರದಾದಾಗ, ಮಂತ್ರಿಗಳು ಬರುವ ಮುಂಚೆ, ಪಕ್ಕದವರಿಗೆ ಹೇಳಿ ಎದುರು ಮನೆಯ ಬಾಗಿಲು ತಟ್ಟಿದಿರಿ. ಜಾಗ ಬಿಟ್ಟದ್ದಕ್ಕೆ ಮೆಮೊ ಬಂತು. ನಾಳೆ ಸಾಹೇಬರ ಮುಂದೆ ಕಾರಣ ಹೇಳಬೇಕು. ಜೊತೆಯ ಕಾನ್‌ಸ್ಟೆಬಲ್ ಫಕೀರವ್ವ, ಪಾಪ, ನಿಮ್ಮ ಒಳ್ಳೆಯದಕ್ಕೇ “ತಲಿ ತಿರುಗಿತ್ರಿ ಸರ ಅಂದ್ಬಿಡವಾ, ಸುಮ್ನ ಯಾಕ ಎದುರು ಹಾಕ್ಕೋತಿ” ಎಂದಿದ್ದಾರೆ. ಹಾಗೆಂದರೆ ಮೆಮೊ ಹರಿದು ಹಾಕುತ್ತಾರೆ. ಹೆಂಗಸರಿಗೆ ಬಂದೋಬಸ್ತ್ ಆಗಿಬರುವುದಿಲ್ಲ ಎಂಬ ಮಾತೂ ನಿಮ್ಮ ಬಾಯಿಂದಲೇ ಖಾತ್ರಿಯಾಗುತ್ತದೆ.

ನಿಜ ಹೇಳಿದರೆ ಅಮಾನತಾಗಬಹುದು, ಬಡ್ತಿ ತಪ್ಪಬಹುದು. ನೀರೊಪ್ಪಿಗೆ ಶುರುವಾದದ್ದೇ ನಿಮ್ಮ ಉತ್ತರದಿಂದ ಎಂದು ನಮಗೆ ತರಬೇತಿಯಲ್ಲಿ ಹೇಳುತ್ತಾರೆ; ಅದಕ್ಕಾಗಿ ನೀವು ಏನೇನು ಕಳೆದುಕೊಂಡಿರಿ ಎಂದು ಯಾರೂ ಹೇಳುವುದಿಲ್ಲ. ಇಲ್ಲಿ ತಣ್ಣಗೆ ಕೂತು ಇದನ್ನು ಕೇಳಲು ನನಗೆ ನಾಚಿಕೆಯಾಗುತ್ತದೆ. ಆದರೂ ಕೇಳುತ್ತೇನೆ, ಅಜ್ಜಿ. ನಿಮಗೆ ತಲೆ ತಿರುಗಿರಲಿಲ್ಲ. ನೀವು ಚೆನ್ನಾಗಿಯೇ ಇದ್ದಿರಿ; ನೀರು ಕುಡಿದಿದ್ದಿರಿ, ಹೋಗಲು ಜಾಗವಿರಲಿಲ್ಲ. ಅಷ್ಟನ್ನೇ ಹೇಳಿ.